ನೀರಿನ ಬಾಟ್ಲಿಗೂ ಔಷಧಿ ಬಾಟ್ಲಿಗೂ ಗುರುತು ಬೇರೆ ಇರಲಿ

ಬೀಜ, ಗೊಬ್ಬರ, ಬೆಲೆ ಬಿಟ್ಟು ಇವನು ನೀರಿನ ಬಾಟ್ಲಿ ಬಗ್ಗೆ ಬರೀತಾನಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಖುಷ್ಕಿ ಹೊಲದಲ್ಲಿ ದಿನವಿಡೀ ಬಿಸಿಲಲ್ಲಿ ದುಡಿಯೋ ನಮಗೆ ನೀರಿನ ಪಾತ್ರೆ ಕುಡುಗೋಲಿನಷ್ಟೇ ಮುಖ್ಯ. ಕುಡುಗೋಲು ಕೊಳ್ಳುವಾಗ ನಾಲ್ಕು ಸಲ ತಿರುಗಿಸಿ ನೋಡ್ತೀವಿ. ನೀರಿಗೆ ಮಾತ್ರ ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕಿದ ಖಾಲಿ ಬಾಟ್ಲಿ ಸಾಕು ಅಂತೀವಿ.

ಈಗ ಯಾವ ಹೊಲಕ್ಕೆ ಹೋದರೂ ಬದುವಿನ ಮೇಲೆ ಇಂಥ ಬಾಟ್ಲಿ ಕಾಣುತ್ತೆ. ಹಗುರ, ಬಿದ್ದರೆ ಒಡೆಯಲ್ಲ, ದುಡ್ಡಿಲ್ಲ. ಹಾಗಾಗಿ ಬಳಸುವವರನ್ನ ನಾನು ಬೈಯಲ್ಲ. ಆದರೆ ಅದೇ ಬೇವಿನ ಮರದ ಬುಡದಲ್ಲಿ ಅಂಥದ್ದೇ ಇನ್ನೊಂದು ಬಾಟ್ಲಿ ಇರುತ್ತೆ. ಅದೇ ಆಕಾರ, ಅದೇ ಮುಚ್ಚಳ. ಅದರಲ್ಲಿರೋದು ನೀರಲ್ಲ, ಸಿಂಪಡಿಸಿ ಉಳಿದ ಔಷಧಿ. ಹೊಲಕ್ಕೆ ಒಯ್ಯೋ ನೀರಿಗೆ ಸ್ಟೀಲ್ ಬಾಟ್ಲಿಯೇ ಆಗಬೇಕು ಅಂತ ನಾನು ಹೇಳೋದಕ್ಕೆ ಮೊದಲ ಕಾರಣ ಇದು. ಪ್ಲಾಸ್ಟಿಕ್ ಒಳ್ಳೇದೋ ಕೆಟ್ಟದ್ದೋ ಅನ್ನೋ ವಾದ ಆಮೇಲಿನದು.

ಔಷಧಿ ಅನ್ನೋ ಹೆಸರೇ ತಪ್ಪು

ನಾವು ಅದನ್ನ ಔಷಧಿ ಅಂತೀವಿ. ಅದು ವಿಷ. ಅರ್ಧ ಎಕರೆಗೆ ಸಾಕಾಗುವಷ್ಟು ಮಾತ್ರ ಬೇಕು ಅಂದರೆ ಪಕ್ಕದ ಹೊಲದವರು ಖಾಲಿ ನೀರಿನ ಬಾಟ್ಲಿಗೆ ಬಗ್ಗಿಸಿ ಕೊಡ್ತಾರೆ. ಹಾಗೆ ಬಿಡಿಯಾಗಿ ಕೊಡೋ ಅಂಗಡಿಯನ್ನೂ ಕಂಡಿದೀನಿ. ಚೀಟಿ ಇಲ್ಲ, ಹೆಸರಿಲ್ಲ, ಕೆಂಪು ಗುರುತಿಲ್ಲ. ಕಳೆ ಕೀಳೋ ಹೆಣ್ಣುಮಗಳು ಮಧ್ಯಾಹ್ನದ ದಾಹದಲ್ಲಿ ಮರದಡಿಗೆ ಬಂದಾಗ ಮೂಸಿ ನೋಡಿ ಕುಡಿಯಲ್ಲ. ರಜೆ ದಿನ ಹೊಲಕ್ಕೆ ಬಂದ ಮಕ್ಕಳಂತೂ ಕೇಳೋದೇ ಬೇಡ.

ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಒಂದು ಗುಟುಕು ಒಳಗೆ ಹೋದರೂ ಜೀವ ಹೋಗಬಹುದು. ಬೇರೆ ವಿಷ ಆದರೂ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳೋದು, ಏನು ಕುಡಿದಿದ್ದು ಅಂತ. ನೀರಿನ ಬಾಟ್ಲಿ ತೋರಿಸಿದರೆ ಅವರಿಗೆ ಏನು ಗೊತ್ತಾಗಬೇಕು?

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು ಅಂತ ಪರೀಕ್ಷೆಯಲ್ಲಿ ಕಂಡುಬಂತು. ಕೀಟನಾಶಕದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರು ಅಂತ ಆಗ ವರದಿಯಾಯ್ತು. ಡಬ್ಬಿ ಅದಲುಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಇದಕ್ಕೆ ಕಾನೂನು ಇಲ್ಲದಿಲ್ಲ. 1971ರ ಕೀಟನಾಶಕ ನಿಯಮಗಳಲ್ಲೇ ಇದೆ: ಖಾಲಿ ಡಬ್ಬಿಗಳನ್ನ ಮತ್ತೆ ಯಾರೂ ಬಳಸದಂತೆ, ಹೊರಗೆ ಬಿಸಾಡದೆ, ಒಡೆದು ಜನವಸತಿಯಿಂದ ದೂರ ಹೂಳಬೇಕು. ನಾವು ಮಾಡೋದು ಏನು? ಬಿಳೀ ಕ್ಯಾನು ಗಟ್ಟಿಯಾಗಿದೆ ಅಂತ ಬೂದಿ ಹಾಕಿ ಉಜ್ಜಿ ನೀರಿಗೋ ಸೀಮೆಎಣ್ಣೆಗೋ ಇಟ್ಟುಕೊಳ್ತೀವಿ. ಆ ಪ್ಲಾಸ್ಟಿಕ್ ವಿಷವನ್ನ ತನ್ನ ಮೈಯೊಳಗೆ ಹೀರಿಕೊಂಡಿರುತ್ತೆ. ಬೂದಿ, ಸೋಪು, ಹುಣಸೆಹಣ್ಣು ಯಾವುದಕ್ಕೂ ಅದು ಪೂರ್ತಿ ಬಿಡಲ್ಲ.

ಪ್ಲಾಸ್ಟಿಕ್ಕಿನ ನಿಜ ಎಷ್ಟು

ಅಂಗಡಿ ನೀರಿನ ಬಾಟ್ಲಿಯ ತಳದಲ್ಲಿ ಮೂರು ಬಾಣದ ತ್ರಿಕೋನದೊಳಗೆ 1 ಅಂತ ಇರುತ್ತೆ. ಅದು ಪೆಟ್ ಪ್ಲಾಸ್ಟಿಕ್. ಒಂದು ಸಲ ಕುಡಿದು ಬಿಡೋದಕ್ಕೆ ಮಾಡಿದ್ದು. ಬಿಸಿಲಿಗೆ ಇಟ್ಟ ತಕ್ಷಣ ನೀರು ವಿಷ ಆಗುತ್ತೆ ಅನ್ನೋದು ಅತಿಮಾತು. ತಿಳಿನೀರನ್ನ ಇದೇ ಪೆಟ್ ಬಾಟ್ಲಿಗೆ ತುಂಬಿ ಆರು ಗಂಟೆ ಚುರುಕು ಬಿಸಿಲಿಗೆ ಮಲಗಿಸಿ ಕ್ರಿಮಿ ಕೊಲ್ಲೋ ವಿಧಾನ ಎಷ್ಟೋ ಬಡ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಕಾವು ಹೆಚ್ಚಿದಷ್ಟೂ, ದಿನ ಕಳೆದಷ್ಟೂ ಪ್ಲಾಸ್ಟಿಕ್ಕಿನ ಅಂಶ ನೀರಿಗೆ ಜಾಸ್ತಿ ಇಳಿಯುತ್ತೆ ಅನ್ನೋದೂ ನಿಜ. 2024ರಲ್ಲಿ ಅಮೆರಿಕದಲ್ಲಿ ಬಾಟ್ಲಿ ನೀರು ಪರೀಕ್ಷೆ ಮಾಡಿದಾಗ ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣ ಸಿಕ್ಕವು. ಬಹುಪಾಲು ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಗೀರು ಬಿದ್ದು ಮಬ್ಬಾದ ಬಾಟ್ಲಿಯೊಳಗೆ ಪಾಚಿಯೂ ಕೂರುತ್ತೆ. ಸಣ್ಣ ಬಾಯಿ, ಕೈ ಹೋಗಲ್ಲ, ತೊಳೆಯೋಕೆ ಆಗಲ್ಲ.

ಪ್ಲಾಸ್ಟಿಕ್ಕೇ ಬೇಕು ಅನ್ನುವವರು 2 ಅಥವಾ 5 ಅಂಕಿ ಇರೋ, ಮತ್ತೆ ಮತ್ತೆ ಬಳಸೋಕೆ ಅಂತಲೇ ಮಾಡಿದ ಅಗಲ ಬಾಯಿಯದು ಕೊಳ್ಳಲಿ. ಹಳೇ ಕಾಲದ ಗಾಜಿನಂಥ ಗಟ್ಟಿ ಬಾಟ್ಲಿಗಳು, 7 ಅಂಕಿಯವು, ಬೇಡ. ಅವುಗಳಲ್ಲಿ ಬಿಸ್ಫೆನಾಲ್ ಎ ಅನ್ನೋ ರಾಸಾಯನಿಕ ಇರುತ್ತಿತ್ತು. ಅದರಿಂದ ಮಾಡಿದ ಮಕ್ಕಳ ಹಾಲಿನ ಬಾಟ್ಲಿಯನ್ನ ಯೂರೋಪಿನಲ್ಲಿ 2011ರಲ್ಲೇ ನಿಷೇಧಿಸಿದರು.

ಹಳೆಯವರ ಪಾತ್ರೆಗಳು

ಮಡಕೆ ನೀರಿಗೆ ಸಮ ಇನ್ನೊಂದಿಲ್ಲ. ಮೈಯಿಂದ ಜಿನುಗಿದ ನೀರು ಆವಿಯಾಗಿ ಒಳಗಿನದು ತಣ್ಣಗಾಗುತ್ತೆ. ಮನೆಗೆ, ಹೊಲದ ಗುಡಿಸಲಿಗೆ ಸರಿ. ಹೆಗಲಿಗೆ ಹಾಕಿಕೊಂಡು ಓಡಾಡೋಕೆ ಆಗಲ್ಲ.

ಸೋರೆಬುರುಡೆ ಹಗುರ, ನೀರು ತಣ್ಣಗಿರುತ್ತೆ, ಖರ್ಚಿಲ್ಲ. ಬಳ್ಳಿಯಲ್ಲೇ ಪೂರ್ತಿ ಬಲಿತು ಒಣಗಿದ ಕಾಯಿಯನ್ನೇ ಆರಿಸಬೇಕು. ತೊಟ್ಟಿನ ಕಡೆ ತೂತು ಮಾಡಿ, ನೀರು ತುಂಬಿ ಕೊಳೆಸಿ, ಸಣ್ಣ ಕಲ್ಲು ಹಾಕಿ ಕುಲುಕಿ ತಿರುಳು ತೆಗೆಯಬೇಕು. ನೀರಿನಲ್ಲಿ ಕಹಿ ಒಂದಿಷ್ಟು ಉಳಿದರೂ ಕುಡಿಯಬಾರದು. ಸೋರೆಯ ಕಹಿ ಹೊಟ್ಟೆಗೆ ವಿಷ. ಜತನ ಮಾಡೋ ತಾಳ್ಮೆ ಇದ್ದವರಿಗೆ ಈಗಲೂ ಒಳ್ಳೇ ಪಾತ್ರೆ.

ತಾಮ್ರದ ಬಾಟ್ಲಿ ಈಗ ಮತ್ತೆ ಬಂದಿದೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧಕರ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರೋ ಕ್ರಿಮಿಗಳು ಸತ್ತಿದ್ದವು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯೋಕೆ ಸರಿ. ಆದರೆ ನಾವು ಹೊಲಕ್ಕೆ ಬರೀ ನೀರು ಒಯ್ಯಲ್ಲ, ಮಜ್ಜಿಗೆಯನ್ನೂ ಒಯ್ತೀವಿ. ತಾಮ್ರಕ್ಕೆ ಹುಳಿ ಸೋಕಿದರೆ ಕಿಲುಬು. ವಾಂತಿ ಗ್ಯಾರಂಟಿ. ಅಲ್ಯೂಮಿನಿಯಂ ಹಗುರ, ಅಗ್ಗ. ಒಳಲೇಪನ ಇಲ್ಲದಿದ್ದರೆ ಅದಕ್ಕೂ ಮಜ್ಜಿಗೆ ಆಗಲ್ಲ, ಲೇಪನ ಇದ್ದರೆ ನೆಗ್ಗಿದ ಕಡೆ ಕಿತ್ತು ಬರುತ್ತೆ. ಗಾಜು ನಮ್ಮ ಕೆಲಸಕ್ಕಲ್ಲ.

ಸ್ಟೀಲ್ ಕೊಳ್ಳುವಾಗ

ಉಳಿದದ್ದು ಸ್ಟೀಲು. ನೀರು, ಮಜ್ಜಿಗೆ, ನಿಂಬೆ ಪಾನಕ ಎಲ್ಲಕ್ಕೂ ಆಗುತ್ತೆ. ಬಿದ್ದರೆ ನೆಗ್ಗುತ್ತೆ, ಒಡೆಯಲ್ಲ. ಅದಕ್ಕಿಂತ ದೊಡ್ಡ ಗುಣ, ಯಾರೂ ಅದಕ್ಕೆ ಕೀಟನಾಶಕ ಬಗ್ಗಿಸಲ್ಲ. ಬೆಲೆ ಕೊಟ್ಟ ಪಾತ್ರೆಯ ಮರ್ಯಾದೆಯೇ ಬೇರೆ. ದೂರದಿಂದ ನೋಡಿದರೂ ಇದು ಕುಡಿಯೋ ನೀರು ಅಂತ ಗೊತ್ತಾಗುತ್ತೆ.

ಕೊಳ್ಳುವಾಗ 304 ಅಥವಾ 18/8 ಅಂತ ಬರೆದಿದೆಯಾ ನೋಡಿ. ಅಂದರೆ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಅಗ್ಗದ 201, 202 ನಮೂನೆಯಲ್ಲಿ ನಿಕ್ಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಹಾಕಿರ್ತಾರೆ, ಬೇಗ ತುಕ್ಕು ಹಿಡಿಯುತ್ತೆ. ಅಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳ್ತಾರೆ. ಅದು ಎರಡಕ್ಕೂ ಅಂಟಲ್ಲ, ಹಾಗಾಗಿ ಆ ಪರೀಕ್ಷೆ ನಂಬಬೇಡಿ. ಕೈಯಲ್ಲದಿದ್ದರೂ ಬ್ರಷ್ಷಾದರೂ ಹೋಗೋವಷ್ಟು ಬಾಯಿ ಇರಲಿ.

ಜೋಡಿ ಗೋಡೆಯ ಥರ್ಮಾಸ್ ನಮೂನೆಯದು ಸಂಜೆವರೆಗೂ ತಣ್ಣಗಿಡುತ್ತೆ, ಆದರೆ ತೂಕ ಹೆಚ್ಚು, ಬೆಲೆಯೂ ಹೆಚ್ಚು. ಬಿಸಿನೀರು ಹಾಕಿದಾಗ ಹೊರಗಿನ ಮೈ ಬಿಸಿಯಾದರೆ ಅದರ ನಿರ್ವಾತ ಹೋಗಿದೆ ಅಂತ ಲೆಕ್ಕ. ನಮಗೆ ಒಂಟಿ ಗೋಡೆಯದೇ ಸಾಕು. ಬಿಸಿಲಿಗೆ ನೀರು ಕಾಯುತ್ತಲ್ಲ ಅಂದರೆ, ಗೋಣಿತಾಟು ಸುತ್ತಿ ನೆನೆಸಿ ಗಾಳಿಯಾಡೋ ನೆರಳಿಗೆ ತೂಗು ಹಾಕಿ. ಮಡಕೆಯ ತತ್ವವೇ. ಹಿಂದೆ ಲಾರಿಯವರು ಮುಂದೆ ನೇತುಹಾಕ್ತಿದ್ದ ಕ್ಯಾನ್ವಾಸ್ ನೀರಿನ ಚೀಲಕ್ಕೂ, ಮಿಲಿಟರಿಯವರ ಬಟ್ಟೆ ಹೊದಿಸಿದ ನೀರಿನ ಡಬ್ಬಿಗೂ ಇದೇ ಉಪಾಯ. ನಮ್ಮ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತೆ.

ಕುರಿ ಹೊಡೆದುಕೊಂಡು ಗುಡ್ಡ ಹತ್ತುವವರಿಗೆ, ಕಾಲ್ನಡಿಗೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೆ ತೂಕದ ಯೋಚನೆ ಇರುತ್ತೆ. ಲೀಟರ್ ನೀರೇ ಒಂದು ಕೇಜಿ. ಅದರ ಮೇಲೆ ಸ್ಟೀಲಿನ ಇನ್ನೂರು ಮುನ್ನೂರು ಗ್ರಾಂ ದೊಡ್ಡ ಹೊರೆಯಲ್ಲ. ರಜೆಗೆ ಮಧುಗಿರಿ ಬೆಟ್ಟ ಹತ್ತೋಕೆ ಬರೋ ಪಟ್ಟಣದ ಹುಡುಗರಿಗೂ ಇದೇ ಮಾತು. ಅವರು ಮೇಲೆ ಎಸೆದ ಬಾಟ್ಲಿ ಮಳೆಗೆ ಉರುಳಿ ಬರೋದು ಕೆಳಗಿನ ಹಳ್ಳಕ್ಕೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧ ಆಯ್ತು. ಆ ಪಟ್ಟಿಯಲ್ಲಿ ನೀರಿನ ಬಾಟ್ಲಿ ಸೇರಲೇ ಇಲ್ಲ.

ಪಾತ್ರೆ ನೀರನ್ನ ಶುದ್ಧ ಮಾಡಲ್ಲ

ಒಂದು ಎಚ್ಚರಿಕೆ. ನಮ್ಮ ಪಾವಗಡ ಸೀಮೆಯಂಥ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತೆ, ಇನ್ನೂ ಹೆಚ್ಚಾದರೆ ಮೂಳೆ ಸೆಟೆಯುತ್ತೆ. ತಾಮ್ರದಲ್ಲಿಟ್ಟರೂ ಅದು ಹೋಗಲ್ಲ, ಕುದಿಸಿದರೆ ನೀರು ಇಂಗಿ ಇನ್ನೂ ಹೆಚ್ಚಾಗುತ್ತೆ. ಶುದ್ಧ ನೀರಿನ ಘಟಕದ್ದನ್ನೋ, ಹಿಡಿದಿಟ್ಟ ಮಳೆ ನೀರನ್ನೋ ತುಂಬಿಕೊಂಡು ಹೋಗಿ.

ಬಿಸಿಲಲ್ಲಿ ಕೆಲಸ ಮಾಡುವವರು 15-20 ನಿಮಿಷಕ್ಕೊಂದು ಲೋಟ ನೀರು ಕುಡಿಯಬೇಕು ಅಂತ ಬಲ್ಲವರು ಹೇಳ್ತಾರೆ. ಅಂದರೆ ಗಂಟೆಗೆ ಮುಕ್ಕಾಲು ಲೀಟರಿನ ಮೇಲೆ. ಆರು ಆಳು ಕಳೆಗೆ ಬಂದರೆ ಎಷ್ಟು ಬೇಕು, ನೀವೇ ಲೆಕ್ಕ ಹಾಕಿ. ಕೂಲಿಯವರು ಅವರವರ ನೀರು ಅವರೇ ತರಲಿ ಅನ್ನೋ ಪದ್ಧತಿ ಸರಿಯಲ್ಲ. ಮುನ್ನೂರು ನಾನ್ನೂರು ಕೊಟ್ಟು ಸ್ಟೀಲ್ ಬಾಟ್ಲಿ ಕೊಳ್ಳೋಕೆ ಅವರಿಗೆ ಆಗಲ್ಲ. ಕೆಲಸಕ್ಕೆ ಕರೆದವನದೇ ನೀರಿನ ಹೊಣೆ. ಕೊಳಾಯಿ ಇರೋ ಒಂದು ಸ್ಟೀಲ್ ಡ್ರಮ್ಮು, ಎರಡು ಲೋಟ ಇಟ್ಟರೆ ಹತ್ತಿಪ್ಪತ್ತು ವರ್ಷ ಬರುತ್ತೆ.

ಇಷ್ಟು ಮಾಡೋಣ. ವಿಷ ಅದರ ಡಬ್ಬಿಯಲ್ಲೇ ಇರಲಿ, ಬೀಗದೊಳಗಿರಲಿ. ಖಾಲಿಯಾದ ಡಬ್ಬಿಯನ್ನ ಮೂರು ಸಲ ತೊಳೆದು ಆ ನೀರನ್ನ ಸಿಂಪಡಣೆ ಟ್ಯಾಂಕಿಗೇ ಹಾಕಿ, ಡಬ್ಬಿಗೆ ತೂತು ಹೊಡೆದು ಬಿಡಿ. ಬಿಡಿ ವಿಷ ಕೇಳಬೇಡಿ, ಕೊಡಬೇಡಿ. ಅಕಸ್ಮಾತ್ ಯಾರಾದರೂ ಕುಡಿದರೆ ವಾಂತಿ ಮಾಡಿಸೋಕೆ ಹೋಗದೆ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಸಂತೆಯಲ್ಲಿ ಒಂದು ಸ್ಟೀಲ್ ಬಾಟ್ಲಿ ತನ್ನಿ. ನಿಮ್ಮ ಕಡೆ ಇನ್ನೂ ಸೋರೆಬುರುಡೆ ಬಳಸುವವರಿದ್ದರೆ ಅವರು ಕಹಿ ಹೇಗೆ ತೆಗೀತಾರೆ ಅಂತ ಪತ್ರಿಕೆಗೆ ಬರೆದು ತಿಳಿಸಿ. ಎಲ್ಲರಿಗೂ ಉಪಯೋಗವಾದೀತು.