ಬರಿಗೈಯಲ್ಲಿ ಮರಳಿದವನ ನಷ್ಟ

ವ್ಯಾಪಾರದಲ್ಲಿ ಮೋಸಹೋದವನು ಯಾರೆಂದು ಕೇಳಿದರೆ, ಹಣ ತೆತ್ತು ಹುಳುಕು ಪದಾರ್ಥವನ್ನು ಮನೆಗೆ ತಂದವನೆಂದೇ ಎಲ್ಲರೂ ಉತ್ತರ ಕೊಡುವರು. ಒಳ್ಳೆಯ ಸರಕಿನ ವರ್ಣನೆಯನ್ನು ನಂಬಿ ದೂರದ ಊರಿಗೆ ಹೋಗಿ, ಅಲ್ಲಿ ಆ ಸರಕು ದೊರೆಯದೆ, ಒಂದು ಕಾಸನ್ನೂ ಬಿಚ್ಚದೆ ಹಿಂದಿರುಗಿದವನನ್ನು ಆ ಪಟ್ಟಿಯಲ್ಲಿ ಸೇರಿಸಲು ಲೋಕವ್ಯವಹಾರವೂ ಹಿಂಜರಿಯುತ್ತದೆ, ನ್ಯಾಯಶಾಸ್ತ್ರವೂ ಹಿಂಜರಿಯುತ್ತದೆ. ‘ಕೈಯಿಂದ ಏನು ಹೋಯಿತು? ದುಡ್ಡು ಉಳಿಯಿತಲ್ಲ’ ಎಂದು ಅವನನ್ನು ಸಮಾಧಾನಪಡಿಸುವುದೇ ವಾಡಿಕೆ. ಈ ಸಮಾಧಾನ ಸಾಧುವಾದುದೆ ಎಂಬುದು ಇಲ್ಲಿಯ ಜಿಜ್ಞಾಸೆ. ಅಲ್ಲವೆಂಬುದು ನನ್ನ ಪಕ್ಷ.

ಅಮೆರಿಕ ದೇಶದಲ್ಲಿ ‘ಎಸ್ಟೇಟ್ ಸೇಲ್’ ಎಂಬ ಒಂದು ಪದ್ಧತಿಯುಂಟು. ಮನೆಯ ಯಜಮಾನನೋ ಯಜಮಾನಿಯೋ ಕಾಲವಾದ ಮೇಲೆ, ಅಥವಾ ವೃದ್ಧ ದಂಪತಿಗಳು ಸಂಸಾರವನ್ನು ಕಿರಿದುಮಾಡಿಕೊಂಡು ಬೇರೆಡೆಗೆ ಹೊರಟಾಗ, ಮಂಚ ಕುರ್ಚಿಗಳಿಂದ ಹಿಡಿದು ಅಡುಗೆಮನೆಯ ಸೌಟಿನವರೆಗೆ ಒಳಗಿರುವುದೆಲ್ಲಕ್ಕೂ ಬೆಲೆಚೀಟಿ ಅಂಟಿಸಿ, ಇದ್ದಲ್ಲಿಯೇ ಮಾರುತ್ತಾರೆ. ಎರಡು ಮೂರು ದಿನ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಕಡೆಯ ದಿನ ಉಳಿದದ್ದನ್ನು ಅರ್ಧ ಬೆಲೆಗೆ ಬಿಟ್ಟುಕೊಡುವುದೂ ಉಂಟು. ವಾರಸುದಾರರು ದೂರದ ಊರುಗಳಲ್ಲಿರುವ ಕಾರಣ ಇದನ್ನು ನಡೆಸಿಕೊಡಲೆಂದೇ ಕಂಪನಿಗಳಿವೆ. ವಸೂಲಾದ ಹಣದಲ್ಲಿ ಸುಮಾರು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಅವುಗಳ ಕಮಿಷನ್ನು. ಸತ್ತವರ ಸಾಮಾನೆಂದರೆ ಮೈಮುದುಡಿಕೊಳ್ಳುವ ನಮ್ಮ ಮನೆಗಳಲ್ಲಿ ಇದು ವಿಚಿತ್ರವಾಗಿ ಕಂಡೀತು. ಆದರೆ ಒಬ್ಬರು ಅಕ್ಕರೆಯಿಂದ ಇಟ್ಟುಕೊಂಡಿದ್ದ ವಸ್ತು ತಿಪ್ಪೆಗೆ ಬೀಳುವುದಕ್ಕಿಂತ ಇನ್ನೊಬ್ಬರ ಮನೆಯನ್ನು ಸೇರುವುದು ಮೇಲಲ್ಲವೆ? ಇಂಥ ಮಾರಾಟದ ಆಕರ್ಷಣೆಯಿರುವುದೂ ಅಲ್ಲಿಯೇ. ಇದು ಬಾಳಿದ ಮನೆಯದು, ಒಂದು ಜೀವಮಾನದ ಅಭಿರುಚಿ ಆಯ್ದು ತಂದದ್ದು ಎಂಬ ನಂಬಿಕೆಯೇ ಗಿರಾಕಿಯನ್ನು ಬೆಳಗಿನ ಚಳಿಯಲ್ಲಿ ಅಪರಿಚಿತರ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತದೆ.

ಆ ದೇಶದಲ್ಲಿ ನೆಲೆಸಿರುವ ನನ್ನ ಸೋದರಳಿಯನೊಬ್ಬನು ಬರೆಯಲು ಹಳೆಯ ಮೇಜೊಂದನ್ನು ಅರಸುತ್ತಿದ್ದವನು, ಇಂಥದೊಂದು ಜಾಹೀರಾತನ್ನು ಕಂಡು ಮುಂಜಾನೆಯೇ ಕಾರು ಹತ್ತಿದನು. ದೀರ್ಘಕಾಲದ ಸಂಗ್ರಹ, ತೇಗದ ಪೀಠೋಪಕರಣಗಳು, ಕಂಚಿನ ದೀಪಗಳು, ಮಾಳಿಗೆಯ ಮೇಲೊಂದು ಗ್ರಂಥಭಂಡಾರ ಎಂದು ವರ್ಣಿಸಿ, ಎಲ್ಲಕ್ಕಿಂತ ಮೊದಲಿಗೆ ಚಿಕ್ಕ ಚಿಕ್ಕ ಖಾನೆಗಳಿದ್ದ ಒಂದು ಮೇಜಿನ ಚಿತ್ರವನ್ನು ಹಾಕಿದ್ದರು. ಬಾಗಿಲಲ್ಲಿ ಇಟ್ಟಿದ್ದ ಹಾಳೆಯಲ್ಲಿ ಹೆಸರು ಬರೆದು, ಸರದಿ ಕಾದು ಒಳಹೊಕ್ಕಾಗ, ಮೇಜು ಅಲ್ಲಿಯೇ ಇತ್ತು. ಅದರ ಮೇಲೆ ‘ಮಾರಾಟವಾಗಿದೆ’ ಎಂಬ ಚೀಟಿಯೂ ಇತ್ತು. ಹಿಂದಿನ ದಿನವೇ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ಬಂದು ಕೊಂಡಿದ್ದನಂತೆ. ಮಾಳಿಗೆಯ ಮೆಟ್ಟಿಲಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿತ್ತು. ದೀಪಗಳೇನೋ ಇದ್ದವು, ಆದರೆ ಒಂದೇ ಅಚ್ಚಿನ ಐದು ದೀಪಗಳನ್ನು ಯಾವ ಗೃಹಿಣಿ ತಾನೆ ಸಂಗ್ರಹಿಸಿಯಾಳೆಂದು ಸಂಶಯಪಟ್ಟು ಅವನು ಒಂದನ್ನು ತಲೆಕೆಳಗು ಮಾಡಿ ನೋಡಿದರೆ, ತಳಕ್ಕೆ ಅಂಟಿಸಿದ್ದ ಹಸಿರು ಬಟ್ಟೆಯ ಅಂಚಿನಲ್ಲಿ ಸಗಟು ಅಂಗಡಿಯ ಬಾರ್‌ಕೋಡ್ ಚೀಟಿ ಇಣುಕುತ್ತಿತ್ತು. ಆ ಮನೆಯದೇ ಎಂದು ನಿಸ್ಸಂದೇಹವಾಗಿ ಹೇಳಬಹುದಾಗಿದ್ದ ವಸ್ತುವೆಂದರೆ ಅಡುಗೆಮನೆಯ ಕಪಾಟಿನಲ್ಲಿದ್ದ, ಬಿಸ್ಕತ್ತಿನ ಡಬ್ಬಿಯ ತುಂಬ ಕೂಡಿಟ್ಟ ಅಂಗಿಯ ಗುಂಡಿಗಳು. ಹಣದ ಪೆಟ್ಟಿಗೆಯ ಮುಂದೆ ಕುಳಿತಿದ್ದಾಕೆಯನ್ನು ವಿಚಾರಿಸಿದ್ದಕ್ಕೆ, ಬಂದವರಿಗೆಲ್ಲ ಮೇಜು ಸಿಕ್ಕೇ ಸಿಗುವುದೆಂದು ಎಲ್ಲಿಯೂ ಬರೆದಿಲ್ಲವಲ್ಲ ಎಂಬ ಉತ್ತರ ಬಂತು. ‘ಮಾವ, ಅವರು ಬರೆದದ್ದರಲ್ಲಿ ಇದು ಸುಳ್ಳು ಅಂತ ಬೆರಳಿಟ್ಟು ತೋರಿಸೋಕೆ ಒಂದು ಮಾತೂ ಇರಲಿಲ್ಲ, ನನಗೆ ಸಿಟ್ಟು ಬಂದಿರೋದು ಅದಕ್ಕೇ’ ಎಂದು ಅವನು ಫೋನಿನಲ್ಲಿ ಹೇಳಿದನು.

ಅವನ ಸಿಟ್ಟಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯುಂಟೆಂಬುದು 1873ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ತೀರ್ಮಾನವಾಗಿದೆ. ನಿಕರ್ಸನ್ ಎಂಬ ಹರಾಜುದಾರನು ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಕಚೇರಿಯ ಪೀಠೋಪಕರಣಗಳೂ ಸೇರಿದಂತೆ ಹಲವು ಸಾಮಾನುಗಳನ್ನು ಹರಾಜು ಹಾಕುವುದಾಗಿ ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟಿಸಿದನು. ಹ್ಯಾರಿಸ್ ಎಂಬವನು ಅವನ್ನು ಕೊಳ್ಳಲೆಂದೇ ಅಲ್ಲಿಗೆ ಹೋದನು. ಹೋಗಿ ನೋಡಿದರೆ ಪೀಠೋಪಕರಣಗಳನ್ನು ಹರಾಜಿನಿಂದ ಹಿಂತೆಗೆದುಕೊಂಡಿದ್ದರು. ರೈಲಿನ ಖರ್ಚಿಗೂ ಹಾಳಾದ ಹೊತ್ತಿಗೂ ಪರಿಹಾರ ಬೇಡಿ ಅವನು ಹೂಡಿದ ದಾವೆ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, ಕ್ವೀನ್ಸ್ ಬೆಂಚ್ ಪೀಠದಲ್ಲಿ ಸೋತಿತು. ಜಾಹೀರಾತೆಂಬುದು ಉದ್ದೇಶದ ಪ್ರಕಟಣೆಯೇ ಹೊರತು ಓದಿದವರೊಡನೆಲ್ಲ ಮಾಡಿಕೊಂಡ ಕರಾರಲ್ಲ, ಹಾಗೆಂದುಕೊಂಡರೆ ಬಂದುಹೋದವರೆಲ್ಲರ ಪ್ರಯಾಣದ ವೆಚ್ಚಕ್ಕೂ ಹರಾಜುದಾರನು ಹೊಣೆಯಾಗಬೇಕಾದೀತು ಎಂಬುದು ಬ್ಲ್ಯಾಕ್‌ಬರ್ನ್ ಮೊದಲಾದ ನ್ಯಾಯಮೂರ್ತಿಗಳ ವಿಚಾರಸರಣಿ.

ಈ ತೀರ್ಪು ಅನ್ಯಾಯವೆಂದು ನಾನು ಹೇಳಲಾರೆ. ನಿಕರ್ಸನ್ ಕಪಟಿಯೆಂದು ಅಲ್ಲಿ ಯಾರೂ ಆಪಾದಿಸಿರಲಿಲ್ಲ. ಮಾರಬೇಕೆಂದು ಪ್ರಾಮಾಣಿಕವಾಗಿ ಸಂಕಲ್ಪಿಸಿದ್ದವನ ಸಂಕಲ್ಪ ಬದಲಾದರೆ ಅದನ್ನು ಅಪರಾಧವೆನ್ನುವುದು ಕಠಿಣವಾದೀತು. ಆದರೆ ಸಂಕಲ್ಪ ಬದಲಾಗುವುದು ಒಂದು, ಸಂಕಲ್ಪವೇ ಇಲ್ಲದಿರುವುದು ಇನ್ನೊಂದು. ಮಾರಿಹೋದ ಮೇಜಿನ ಚಿತ್ರವನ್ನು ಜನ ಸೇರಲೆಂದೇ ಉಳಿಸಿಕೊಂಡವನಿಗೆ ನಿಕರ್ಸನ್ನನ ಆಶ್ರಯವನ್ನು ಕೊಡತಕ್ಕದ್ದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1959ರಲ್ಲಿ ಆಮಿಷದ ಜಾಹೀರಾತುಗಳನ್ನು ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಭೇದವನ್ನು ಚೆನ್ನಾಗಿ ಗುರುತಿಸಿದೆ: ಗಿರಾಕಿಯ ಮೊದಲ ಭೇಟಿಯನ್ನೇ ವಂಚನೆಯಿಂದ ದೊರಕಿಸಿಕೊಂಡಿದ್ದರೆ, ಆಮೇಲೆ ನಿಜವನ್ನು ಬಿಚ್ಚಿ ಹೇಳಿದರೂ ಕಾನೂನನ್ನು ಮೀರಿದಂತೆಯೇ ಸರಿ. ಅಂದರೆ ದೋಷ ಪೂರ್ಣವಾಗುವುದು ಹಣ ಕೈಬದಲಾದಾಗಲ್ಲ, ಗಿರಾಕಿ ಮನೆಯ ಹೊಸ್ತಿಲು ದಾಟಿ ಹೊರಟಾಗ.

ಹೊರಟವನು ಕಳೆದುಕೊಂಡದ್ದು ರಜೆಯ ಒಂದು ಬೆಳಗು, ಕಾರಿನ ಒಂದಿಷ್ಟು ಪೆಟ್ರೋಲು. ಇಂಥ ಅಲ್ಪಕ್ಕೆ ಧರ್ಮಾಧರ್ಮ ವಿವೇಚನೆಯೆ ಎಂದು ಕೇಳುವವರುಂಟು. ಒಬ್ಬೊಬ್ಬನ ನಷ್ಟ ಅಲ್ಪವೆಂಬುದು ನಿಜ. ಆದರೆ ಕರೆದವನ ಲಾಭ ಅಲ್ಪವಲ್ಲ. ನನ್ನ ಸೋದರಳಿಯನೊಡನೆ ಸಾಲಿನಲ್ಲಿ ನಿಂತಿದ್ದವರೊಬ್ಬರು, ಅವರೂ ಮೇಜಿನ ಆಸೆಯಿಂದಲೇ ಬಂದವರು, ಎರಡು ದೀಪಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದರಂತೆ. ಇಷ್ಟು ದೂರ ಬಂದಾಯಿತಲ್ಲ, ಬರಿಗೈಯಲ್ಲಿ ಹೋಗುವುದು ಹೇಗೆ! ಮನುಷ್ಯನು ವ್ಯರ್ಥವಾದ ಶ್ರಮವನ್ನು ಹೇಗಾದರೂ ಸಾರ್ಥಕಪಡಿಸಿಕೊಳ್ಳಲು ಹವಣಿಸುವ ಪ್ರಾಣಿ. ಆ ಹವಣಿಕೆಯ ಮೇಲೆಯೇ ಇಂಥ ವ್ಯಾಪಾರದ ಲೆಕ್ಕಾಚಾರ ನಿಂತಿದೆ. ಮನೆಯ ಸಾಮಾನು ಮಾರಿದರೆ ಕಂಪನಿಗೆ ಕಮಿಷನ್ ಮಾತ್ರ, ಹೊರಗಿನಿಂದ ತಂದು ತುರುಕಿದ ಸ್ವಂತ ದೀಪ ಮಾರಿದರೆ ಪೂರ್ತಿ ಬೆಲೆ. ಇದರಲ್ಲಿ ಕೆಡುಕಾದದ್ದು ಗಿರಾಕಿಗೆ ಮಾತ್ರವೆಂದೂ ಅಲ್ಲ. ಗುಂಡಿಗಳನ್ನು ಕೂಡಿಟ್ಟ ಆ ಹೆಂಗಸಿನ ಅಭಿರುಚಿಯೆಂದು ಆ ದೀಪಗಳು ಯಾವುದೋ ಮನೆಯ ಹಜಾರದಲ್ಲಿ ನಾಳೆ ಮೆರೆಯುತ್ತವೆ. ಆಕೆ ಎದ್ದುಬಂದು ತನ್ನದಲ್ಲವೆಂದು ಹೇಳುವಂತಿಲ್ಲ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಮರಳಿ ದೊರಕಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪ್ರಸಂಗಕ್ಕೆ ಒದಗುವ ಎರಡು ವಿಧಿಗಳಿವೆ. ಕೀಳು ಜಾತಿಯ ಮರ, ಲೋಹ, ಮಣಿ ಮೊದಲಾದವನ್ನು ಮೇಲು ಜಾತಿಯದೆಂದು ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವೆಂಬುದು ಒಂದು. ಹೊಲ, ತೋಟ, ಕೆರೆಗಳನ್ನು ಮಾರುವಾಗ ನೆರೆಯವರೂ ಗ್ರಾಮವೃದ್ಧರೂ ಇದ್ದೆಡೆಯಲ್ಲಿ, ಎಲ್ಲೆಗಳನ್ನು ಇದ್ದುದು ಇದ್ದಂತೆ ಹೇಳಿ, ಈ ಬೆಲೆಗೆ ಯಾರು ಕೊಳ್ಳುವಿರೆಂದು ಮೂರು ಸಲ ಕೂಗಬೇಕೆಂಬುದು ಇನ್ನೊಂದು. ದಂಡಕ್ಕಿಂತ ನನಗೆ ಈ ಎರಡನೆಯದೇ ಹೆಚ್ಚು ವಿವೇಕದ್ದಾಗಿ ತೋರುತ್ತದೆ. ಕೂಗುವವನ ಮುಂದೆ ನಿಂತವರು ಆ ಹೊಲವನ್ನು ಬಲ್ಲವರು. ಅರ್ಧ ಎಕರೆ ಹಿಗ್ಗಿಸಿ ಹೇಳಿದರೆ ಅಲ್ಲಿಯೇ ಯಾರಾದರೂ ಕೆಮ್ಮುತ್ತಿದ್ದರು. ಇಂದಿನ ಜಾಹೀರಾತಾದರೋ ಆ ಮನೆಯನ್ನು ಎಂದೂ ಕಾಣದವರನ್ನೇ ಉದ್ದೇಶಿಸಿ ಕೂಗುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ನಡೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ತಪ್ಪುದಾರಿಗೆಳೆಯುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳು ಆಮಿಷದ ಜಾಹೀರಾತಿಗೂ ಕಟ್ಟುಪಾಡು ಹಾಕಿವೆ. ಆದರೆ ಅದೇ ಕಾಯಿದೆ ಸರಕಿನ ವಿಷಯದಲ್ಲಿ ಗ್ರಾಹಕನೆಂದು ಕರೆಯುವುದು ಕೊಂಡವನನ್ನು. ಕಲ್ಯಾಣಮಂಟಪದಲ್ಲಿ ಕಾರ್ಖಾನೆ ಬೆಲೆಗೆ ರೇಷ್ಮೆ ಸೀರೆಯೆಂಬ ಭಿತ್ತಿಪತ್ರವನ್ನು ನಂಬಿ ಎರಡು ಬಸ್ಸು ಬದಲಾಯಿಸಿ ಹೋಗಿ, ಏನನ್ನೂ ಕೊಳ್ಳದೆ ಬಂದ ಗೃಹಿಣಿ ಆ ವ್ಯಾಖ್ಯೆಯ ಹೊರಗೆ ನಿಲ್ಲುತ್ತಾಳೆ.

ಹಾಗೆಂದು ಬಂದವರಿಗೆಲ್ಲ ಬಸ್ಸಿನ ಹಣ ಕೊಡಿಸಬೇಕೆಂದು ನಾನು ವಾದಿಸುವುದಿಲ್ಲ. ಆ ಅಂಶದಲ್ಲಿ 1873ರ ನ್ಯಾಯಮೂರ್ತಿಗಳ ಅಂಜಿಕೆ ಯುಕ್ತವಾದುದೇ. ಆದರೆ ಅಂದಿನ ಹರಾಜುದಾರನಿಗಿದ್ದ ಒಂದು ನೆಪ ಇಂದಿನವನಿಗಿಲ್ಲ. ಅಚ್ಚಾಗಿ ಹಂಚಿಹೋದ ಪತ್ರಿಕೆಯನ್ನು ನಿಕರ್ಸನ್ ಮನೆಮನೆಯಿಂದ ಹಿಂದಕ್ಕೆ ತರುವಂತಿರಲಿಲ್ಲ. ಪರದೆಯ ಮೇಲಿನ ಚಿತ್ರವಾದರೋ ಮಾಲೀಕನ ಬೆರಳ ತುದಿಯಲ್ಲಿದೆ. ಮೇಜು ಮಾರಿದ ಸಂಜೆಯೇ ಅದನ್ನು ಅಳಿಸಲು ಒಂದು ನಿಮಿಷವೂ ಬೇಡ. ಅಳಿಸದೆ ಬಿಟ್ಟವನು ಜನ ಬರಲೆಂದೇ ಬಿಟ್ಟನೆಂದು ಕಾನೂನು ಮೊದಲು ಊಹಿಸಬೇಕು. ಹಾಗಲ್ಲವೆಂದು ಸಾಧಿಸುವ ಹೊಣೆ, ಗಿರಾಕಿ ಏನನ್ನಾದರೂ ಕೊಂಡಿರಲಿ ಬಿಡಲಿ, ಅವನ ಮೇಲಿರಬೇಕು.