ಬಾಯಿ ಬಿಡದ ಬೇನೆ

2025ರ ನವೆಂಬರಿನಲ್ಲಿ, ಕಲ್ಯಾಣದ ನೆರೆಯ ಅಂಬರನಾಥದ ಮೇಲ್ಸೇತುವೆಯಲ್ಲಿ ಕಾರೊಂದು ಹಿಡಿತ ತಪ್ಪಿ ಹಲವು ವಾಹನಗಳಿಗೆ ಅಪ್ಪಳಿಸಿತು. ಚಾಲಕನೂ ಸೇರಿ ನಾಲ್ವರು ಮಡಿದರು. ಚಾಲಕನಿಗೆ ಹೃದಯಾಘಾತವಾಯಿತೆಂದು ಆಗ ವರದಿಯಾಯಿತು.

ವಿಧಿಯೆಂದು ಸುಮ್ಮನಾಗಲು ನಾವು ಒಪ್ಪೆವು. ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ರಿಕ್ಷಾ, ಟೆಂಪೋ ನಡೆಸುವವರಲ್ಲಿ ನಮ್ಮ ಹೋಟೆಲು, ಗಿರಣಿ ಬಾಂಧವರೂ ಅವರ ಮಕ್ಕಳೂ ಇದ್ದಾರೆ. ಮೂರ್ಛೆ, ತಲೆಸುತ್ತು, ಇರುಳುಗುರುಡು ಉಂಟೇ ಎಂದು ಲೈಸೆನ್ಸಿನ ಅರ್ಜಿಯು ಕೇಳುತ್ತದೆ. ತನಗೇ ತಿಳಿಯದ ರೋಗವನ್ನು ಯಾರು ತಾನೆ ಬರೆದು ಕೊಟ್ಟಾರು? ಬಾಡಿಗೆ ವಾಹನದವರಿಗೆ ವೈದ್ಯರ ಸರ್ಟಿಫಿಕೇಟು ಬೇಕು ನಿಜ. ಆದರೆ ಆ ಲೈಸೆನ್ಸಿನ ಅವಧಿ 5 ವರ್ಷ. ಅಷ್ಟರಲ್ಲಿ ರಕ್ತದೊತ್ತಡ, ಸಕ್ಕರೆ ರೋಗಗಳು ಸದ್ದಿಲ್ಲದೆ ಬೆಳೆಯಬಲ್ಲವು. ರಾತ್ರಿ ಗೊರಕೆಯ ನಡುವೆ ಮತ್ತೆ ಮತ್ತೆ ಉಸಿರುಕಟ್ಟಿ ನಿದ್ದೆಗೆಟ್ಟವನು ಹಗಲು ಚಕ್ರ ಹಿಡಿದೇ ತೂಕಡಿಸಬಹುದು.

ಬಾಂಧವರೇ, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕಣ್ಣು ಪರೀಕ್ಷಿಸಿಕೊಳ್ಳಿರಿ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಗಳು ನಗರಪಾಲಿಕೆಯವು. ಇ.ಎಸ್.ಐ. ಚೀಟಿಯುಳ್ಳವರು ಅದನ್ನು ಪೆಟ್ಟಿಗೆಯಲ್ಲಿಡದೆ ಉಪಯೋಗಿಸಲಿ. ಹೊತ್ತಿಗೆ ತಿಳಿದರೆ ಔಷಧವುಂಟು. ಬಹಳ ಮಂದಿ ಮತ್ತೆ ಚಕ್ರ ಹಿಡಿಯಬಲ್ಲರು.

ಮಾಲೀಕರಿಗೂ ಒಂದು ಮಾತು. ತಲೆ ಸುತ್ತುತ್ತಿದೆ ಎಂದವನ ದಿನಗೂಲಿ ಕತ್ತರಿಸಿದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ. ಹೊಟ್ಟೆಪಾಡಿಗೆ ಹೆದರಿ ಅವನು ಮುಚ್ಚಿಟ್ಟ ಬೇನೆಗೆ ದಾರಿಹೋಕರು ಪ್ರಾಣ ತೆರಬೇಕಾಗುತ್ತದೆ. ಅಂಥವನಿಗೆ ಗುಣವಾಗುವವರೆಗೆ ಗೋದಾಮಿನಲ್ಲೋ ಗಲ್ಲೆಯಲ್ಲೋ ಕೆಲಸ ಕೊಡಿರಿ, ಸಂಬಳ ಮುರಿಯದಿರಿ. ಪ್ರತಿ ವರ್ಷ ಚಾಲಕರ ತಪಾಸಣೆಯ ಖರ್ಚನ್ನೂ ಮಾಲೀಕರೇ ವಹಿಸಬೇಕೆಂದು ನಾವು ಒತ್ತಾಯಿಸುತ್ತೇವೆ.