ಸಭೆಯ ಭೂಮಿಯೂ ಮುಪ್ಪಿನವರ ನೆಲೆಯೂ



ಶಾಲೆಯ ಉತ್ಸವಕ್ಕೆಂದು ನೆರೆದಾಗ ನಾವು ಮೊದಲು ವಿಚಾರಿಸುವದು ನಮಗೆ ಅಕ್ಷರ ಕಲಿಸಿದ ಅಕ್ಕೋರ ಕುಶಲವನ್ನು. ಅವರು ಈಗ ಎಲ್ಲಿರುವರು, ಯಾರ ಆಸರೆಯಲ್ಲಿರುವರು ಎಂದು ಕೇಳಿದಾಗ ಬರುವ ಉತ್ತರವು ಹಲವು ಸಾರೆ ನಮ್ಮ ತಲೆಯನ್ನು ತಗ್ಗಿಸುವಂಥದಾಗಿರುತ್ತದೆ. ಮಕ್ಕಳು ನೌಕರಿಗಾಗಿ ಬೆಂಗಳೂರು, ಪುಣೆಗಳನ್ನು ಸೇರಿರುವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಊರುಗಳಲ್ಲಿ ಮುಪ್ಪಿನವರು ದೀಪ ಹಚ್ಚಿಕೊಂಡು ಒಬ್ಬರೇ ಕುಳಿತಿರುವರು. ಮದುವೆಯಾಗದೆ ಆಯುಷ್ಯವನ್ನೆಲ್ಲ ಪರರ ಮಕ್ಕಳಿಗಾಗಿ ಸವೆಸಿದ ಶಿಕ್ಷಕಿಯರಿಗೂ ದಾದಿಯರಿಗೂ ಕರೆದರೆ ಓಗೊಡುವವರೇ ಇಲ್ಲ.

ಇದು ನಮ್ಮ ಸೀಮೆಯೊಂದರ ದುಃಖವಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ ಇದ್ದರು. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಜಿಲ್ಲೆಗೆ ಕನಿಷ್ಠ ಒಂದರಂತೆ, ನೂರೈವತ್ತು ಜನ ನಿರ್ಗತಿಕ ವೃದ್ಧರಿಗೆ ಸಾಲುವಂಥ ಆಶ್ರಮಗಳನ್ನು ಸರಕಾರವು ಸ್ಥಾಪಿಸಬಹುದೆಂದು ಹೇಳುತ್ತದೆ. ಆದರೆ ಜಿಲ್ಲೆಗೊಂದು ಆಶ್ರಮವಾದರೆ ತಿಳವಳ್ಳಿಯ ಮುದುಕಿಗೆ ತನ್ನ ಊರಿನ ಗಂಟೆಯ ಧ್ವನಿಯು ಕೇಳಿಸಲಾರದು.

ಆದಕಾರಣ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಈ ನಾಲ್ಕು ತಾಲೂಕುಗಳಲ್ಲಿ ಆರಾಧನೆಗೆ, ಶಾಲೆಗೆ, ಸಮಾಧಿಗಳಿಗೆ ಬೇಕಾದುದನ್ನು ಬಿಟ್ಟು ಸಭೆಯ ಭೂಮಿಯು ಎಲ್ಲೆಲ್ಲಿ ಬರಿದೇ ಬಿದ್ದಿರುವದೋ, ಅಲ್ಲಲ್ಲಿ ವೃದ್ಧರಿಗಾಗಿ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿಸತಕ್ಕದ್ದು.

ಕೆಲವರು ಇದಕ್ಕೆ ಹುಬ್ಬು ಗಂಟಿಕ್ಕುವರೆಂಬದನ್ನು ಬಲ್ಲೆವು. ಹಿರಿಯರು ದೇವರ ಕಾರ್ಯಕ್ಕೆಂದು ಸಂಪಾದಿಸಿದ ಭೂಮಿಯನ್ನು ಬೇರೆಯದಕ್ಕೆ ತಿರುಗಿಸಬಹುದೇ ಎಂದು ಅವರು ಕೇಳುವರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ಪ್ರಾರ್ಥನಾಮಂದಿರದ ಮಗ್ಗುಲಲ್ಲಿಯೇ ಶಾಲೆಯನ್ನೂ ಅನಾಥರ ವಸತಿಯನ್ನೂ ಇಟ್ಟರು. ಅಪೊಸ್ತಲರ ಕಾಲದ ಸಭೆಯಲ್ಲಿ ಏಳು ಜನರನ್ನು ನೇಮಿಸಿದ್ದು ವಿಧವೆಯರ ದಿನದಿನದ ಅನ್ನದ ವ್ಯವಸ್ಥೆಗಾಗಿಯೇ. ಹೀಗಿರಲು ವೃದ್ಧರ ಮನೆಯು ದೇವರ ಕಾರ್ಯವಲ್ಲವೆಂದು ಹೇಳುವದು ಹೇಗೆ?

ಇನ್ನು ಕೆಲವರ ಭಯವು ಬೇರೆ. ಮನೆಗಳ ಹೆಸರಿನಲ್ಲಿ ಭೂಮಿಯು ಕೈಬಿಟ್ಟು ಹೋದೀತೆಂದು ಅವರು ಅಂಜುವರು. ಈ ಭಯವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದ್ದರಿಂದಲೇ ಮಾರಾಟವಾಗಲಿ ದೀರ್ಘಕಾಲದ ಗುತ್ತಿಗೆಯಾಗಲಿ ಬೇಡವೆಂದು ನಾವು ಬಯಸುತ್ತೇವೆ. ಒಡೆತನವು ಟ್ರಸ್ಟಿನಲ್ಲಿಯೇ ಉಳಿಯಲಿ. ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಸಭೆಯ ಮುಂದೆ ಓದಲಿ. ಮನೆಯಲ್ಲಿರುವವರಿಗೆ ವಾಸದ ಹಕ್ಕಿರಲಿ, ಮಾರುವ ಹಕ್ಕು ಯಾರಿಗೂ ಬೇಡ. ಜಾತಿಮತಗಳನ್ನು ಕೇಳದೆ ನಮ್ಮ ಶಾಲೆಯು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಂತೆ, ಈ ಮನೆಗಳ ಬಾಗಿಲೂ ಎಲ್ಲರಿಗೂ ತೆರೆದಿರಲಿ.

ಕಾನೂನಿನ ಮಾರ್ಗವು ಉದ್ದವಾದರೂ ಮುಚ್ಚಿಲ್ಲ. ಮೊದಲು ಭೂಮಿಯ ಕಾಗದಪತ್ರಗಳನ್ನು ತೆಗೆದು ನೋಡತಕ್ಕದ್ದು. ಶಾಲೆಗೆಂದೇ ಸರಕಾರವು ಕೊಟ್ಟ ಭೂಮಿಯಾದರೆ ಅದರ ಷರತ್ತುಗಳನ್ನು ಮೀರಲಾಗದು. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯ ಆಸ್ತಿಯಾಗಿದ್ದರೆ, ಊರಿನ ಸಭೆಯ ಠರಾವಿನ ಮೇಲೆ ಟ್ರಸ್ಟಿನ ಒಪ್ಪಿಗೆಯೂ ಬೇಕು. ಸಾಗುವಳಿಯ ಭೂಮಿಯಾಗಿದ್ದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಬಿನ್‌ಶೇತಕಿ ಅಪ್ಪಣೆಯನ್ನು ಪಡೆಯಬೇಕು. ಪಟ್ಟಣದ ಯೋಜನೆಯಲ್ಲಿ ಆ ಸ್ಥಳವು ಬೇರೆ ಉಪಯೋಗಕ್ಕೆ ಗುರುತಾಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಭೂಉಪಯೋಗದ ಬದಲಾವಣೆಗೆ ಅರ್ಜಿ ಕೊಡಬೇಕು. ಆಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆಗಳನ್ನು ಕೇಳುವರು.

ಇಲ್ಲಿಯೇ ನಿಮ್ಮ ಕೆಲಸವಿರುವದು. ಆಕ್ಷೇಪಿಸುವವರು ಬರೆಯುವರು, ಒಪ್ಪಿದವರು ಸುಮ್ಮನಿರುವರು, ಹೀಗೆ ಒಳ್ಳೆಯ ಕಾರ್ಯಗಳು ನಿಂತುಹೋಗುವವು. ನಿಮ್ಮ ಊರಿನ ಸಭೆಯಲ್ಲಿ ಎದ್ದುನಿಂತು ಈ ಮಾತನ್ನು ಎತ್ತಿರಿ. ನೆರೆಯವರೊಡನೆ ಕುಳಿತು ಅವರ ಸಂಶಯಗಳನ್ನು ಕೇಳಿರಿ. ಸಮ್ಮತಿಯ ಪತ್ರಕ್ಕೆ ಸಹಿ ಹಾಕಿರಿ, ಹಾಕಿಸಿರಿ. ನಿಮ್ಮಲ್ಲಿ ವಕೀಲರೂ ವೈದ್ಯರೂ ಇಂಜಿನಿಯರರೂ ಇರುವಿರಿ. ವರ್ಷಕ್ಕೆ ನಾಲ್ಕು ದಿನದ ಶ್ರಮವನ್ನು ಕೊಡಿರಿ. ರೂತಳು ಅತ್ತೆಯಾದ ನೊವೊಮಿಗೆ ಕೊಟ್ಟದ್ದು ಹಣವನ್ನಲ್ಲ, ಜೊತೆಯನ್ನು.

ಸವಣೂರಿನ ದೊಡ್ಡಹುಣಸೆ ಮರಗಳನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕೈಕೈ ಹಿಡಿದು ಸುತ್ತುವರಿದು ನೋಡಿದ್ದೇವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿತು. ಮುದಿಮರವೆಂದು ಕಡಿದು ಸಾಗಿಸದೆ ಅದನ್ನು ಮತ್ತೆ ಎತ್ತಿ ಅಲ್ಲಿಯೇ ನೆಟ್ಟರು. ಮರಕ್ಕೆ ಇಷ್ಟು ಮಾಡಿದ ಸೀಮೆಯವರು ತಮ್ಮ ತಾಯಂದಿರಿಗೆ ಅಷ್ಟಾದರೂ ಮಾಡರೇ? ಮಾಡುವರೆಂದೇ ನಾವು ನಂಬಿದ್ದೇವೆ. ಕರ್ತನು ಈ ಕಾರ್ಯವನ್ನು ಆಶೀರ್ವದಿಸಲಿ.